ಶುಗರ್ ಮಾತ್ರೆ ನುಂಗಿ ಉಪವಾಸ ಕೂರಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ 16 ತಾಸು ಉಪವಾಸ, 8 ತಾಸಿನೊಳಗೆ ಊಟ ಎನ್ನುವ ಪದ್ಧತಿ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಚೆನ್ನಾಗಿಯೇ ಬರೆದಿದ್ದರು. ಮರುದಿನ ಬೆಳಗ್ಗೆ ನಾನು ಅಂಗಡಿ ತೆಗೆದ ಮೊದಲ ತಾಸಿನಲ್ಲೇ ಮೂವರು ಆ ಪುಟದ ಫೋಟೊ ಮೊಬೈಲಿನಲ್ಲಿ ತೋರಿಸಿ, ಇದನ್ನು ನಾವೂ ಮಾಡಬಹುದಾ ಎಂದು ಕೇಳಿದರು. ಮೂವರಲ್ಲಿ ಇಬ್ಬರು ಪ್ರತಿ ತಿಂಗಳು ನನ್ನ ಹತ್ತಿರವೇ ಶುಗರ್ ಮಾತ್ರೆ ಒಯ್ಯುವವರು. ಲೇಖನದಲ್ಲಿ ಶುಗರ್ ಇದ್ದವರ ಬಗ್ಗೆ ಇದ್ದದ್ದು ಕೊನೆಯ ಒಂದೇ ಸಾಲು, ವೈದ್ಯರ ಸಲಹೆ ಪಡೆಯಿರಿ ಅಂತ. ಆ ಸಾಲು ಮೂವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನಲ್ಲಿ 22 ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಯಾರು ಯಾವ ಮಾತ್ರೆ ತಗೊಳ್ಳುತ್ತಾರೆ, ಯಾವ ಹೊತ್ತಿಗೆ ತಗೊಳ್ಳುತ್ತಾರೆ, ಅದರ ಮೇಲೆ ಏನು ತಿನ್ನುತ್ತಾರೆ ಎಂಬುದು ಕೌಂಟರಿನ ಈ ಕಡೆ ನಿಂತವನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಅಣ್ಣನ ವಿಷಯ ಮೊದಲು ಹೇಳಿಬಿಡುತ್ತೇನೆ. ಅವನಿಗೆ 58 ವರ್ಷ. ಊರಲ್ಲಿ ಭತ್ತ ಬೆಳೆಯುತ್ತಾನೆ. ಎಂಟು ವರ್ಷದಿಂದ ಶುಗರ್ ಇದೆ. ಬೆಳಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಒಂದು ಮಾತ್ರೆ ತಗೊಳ್ಳುತ್ತಿದ್ದ. ಹೋದ ವರ್ಷ ಯಾರೋ ಅವನನ್ನು ತೂಕ ಇಳಿಸುವ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಆ ಗುಂಪಿನಲ್ಲಿ ದಿನಾ ಬೆಳಗ್ಗೆ, ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎನ್ನುವ ಗಾದೆ ಬರುತ್ತಿತ್ತು. ಅದರ ಕೆಳಗೆ ಯಾರು ಎಷ್ಟು ಕೆಜಿ ಇಳಿದರು ಎಂಬ ಪಟ್ಟಿ. ಅಣ್ಣ ಬೆಳಗಿನ ತಿಂಡಿ ಬಿಟ್ಟ. ಮಧ್ಯಾಹ್ನ 12ಕ್ಕೆ ಊಟ, ರಾತ್ರಿ 8ರೊಳಗೆ ಊಟ. ಆದರೆ ಮಾತ್ರೆ ಮಾತ್ರ ಬೆಳಗ್ಗೆ 7ಕ್ಕೇ ನುಂಗುತ್ತಿದ್ದ. ಯಾಕೆಂದರೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಕು ಅಂತ ವರ್ಷಗಟ್ಟಲೆ ನಾನೇ ಅವನಿಗೆ ಹೇಳಿದ್ದೆ.

ಐದನೇ ದಿನ ಬೆಳಗ್ಗೆ ಹತ್ತೂವರೆ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಿಂತಿದ್ದಾಗ ಅವನಿಗೆ ಮೈಯೆಲ್ಲ ಬೆವರು ಬಂತು. ಕೈ ನಡುಗಿತು. ಮಾತು ತೊದಲಿತು. ಏನೇನೋ ಸಂಬಂಧವಿಲ್ಲದ್ದು ಮಾತಾಡತೊಡಗಿದ. ನಾಟಿಗೆ ಬಂದಿದ್ದ ಕೆಲವರು ಗೌಡ್ರು ಬೆಳಗ್ಗೆನೇ ಕುಡಿದಾರೆ ಅಂದುಕೊಂಡು ಸುಮ್ಮನಿದ್ದರು. ಅವರಲ್ಲಿ ಒಬ್ಬ ಹೆಣ್ಣುಮಗಳ ಗಂಡನಿಗೆ ಶುಗರ್ ಇತ್ತು, ಆಕೆಗೆ ಗೊತ್ತಾಯಿತು. "ಕುಡಿದಿಲ್ರೀ, ಸಕ್ಕರಿ ಇಳದೈತಿ" ಎಂದು ಕೂಗಿ ಫ್ಲಾಸ್ಕಿನಲ್ಲಿದ್ದ ಸಿಹಿ ಚಹಾ ತಂದು ಅವನ ಕೈಗೆ ಕೊಟ್ಟಳು. ಎಚ್ಚರ ಇದ್ದುದರಿಂದ ಕುಡಿದ. ಆಸ್ಪತ್ರೆಗೆ ಕರೆತಂದು ನೋಡಿದಾಗ, ಚಹಾ ಕುಡಿದ ಮೇಲೂ ಶುಗರ್ 54 ಇತ್ತು. 70ಕ್ಕಿಂತ ಕೆಳಗೆ ಹೋದರೇ ಎಚ್ಚರ ವಹಿಸಬೇಕು. ಡಾಕ್ಟರು ಮರುದಿನದ ತನಕ ಕಳಿಸಲಿಲ್ಲ. ಈ ಮಾತ್ರೆಯ ಕೆಲಸ ಬಹಳ ಹೊತ್ತು ಇರುತ್ತದೆ, ಒಮ್ಮೆ ಏರಿದ ಶುಗರ್ ಮತ್ತೆ ಇಳಿಯಬಹುದು ಅಂದರು. ಆ ಹೆಣ್ಣುಮಗಳು ಅವತ್ತು ಕೂಲಿಗೆ ಬರದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳುತ್ತೇನೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಎಲ್ಲ ಒಂದೇ ಜಾತಿಯ ಮಾತ್ರೆಗಳು. ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಬರುವಂತೆ ಮಾಡುತ್ತವೆ. ನೀವು ಉಂಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನೀವು ಉಪವಾಸ ಇದ್ದರೂ ಇನ್ಸುಲಿನ್ ಬರುತ್ತದೆ, ರಕ್ತದಲ್ಲಿ ಇರುವ ಸಕ್ಕರೆಯನ್ನೂ ಇಳಿಸುತ್ತದೆ. ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುವವರಿಗೂ ಇದೇ ಅಪಾಯ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಹೀಗೆ ಆಗುವುದು ಕಡಿಮೆ. ಇನ್ನು ಡಾಪಾಗ್ಲಿಫ್ಲೋಜಿನ್ ಅಂತ ಈಗ ತುಂಬಾ ಜನ ತಗೊಳ್ಳುತ್ತಾರೆ. ಅದು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಆ ಮಾತ್ರೆ ತಗೊಂಡು, ಊಟನೂ ಬಿಟ್ಟು, ನೀರೂ ಕಡಿಮೆ ಕುಡಿದರೆ ಮೈ ಒಣಗಿ, ರಕ್ತದಲ್ಲಿ ಆಮ್ಲ ಸೇರಿ ಐಸಿಯುಗೆ ಹೋಗಬೇಕಾಗಿ ಬರಬಹುದು. ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆ ತಗೊಳ್ಳುವವರಿಗೂ ಬಿಸಿಲಲ್ಲಿ ಉಪವಾಸ ಇದ್ದರೆ ತಲೆ ಸುತ್ತು ಬರುತ್ತದೆ. ಮಂಡಿನೋವಿಗೆ ಅಂತ ಬರೀ ಹೊಟ್ಟೆಗೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವುದು ಬೇರೆ.

ಇಲ್ಲಿ ನಮ್ಮೂರಿನ ಮುಸ್ಲಿಂ ಗಿರಾಕಿಗಳ ಬಗ್ಗೆ ಒಂದು ಮಾತು ಹೇಳಬೇಕು. ರಂಜಾನ್ ಇನ್ನೂ ಹದಿನೈದು ದಿನ ಇದೆ ಎನ್ನುವಾಗಲೇ ಅವರಲ್ಲಿ ಬಹಳ ಜನ ಡಾಕ್ಟರ ಹತ್ತಿರ ಹೋಗಿ, ಬೆಳಗಿನ ಮಾತ್ರೆಯನ್ನು ಇಫ್ತಾರ್ ಹೊತ್ತಿಗೆ ಬದಲಿಸಿಕೊಂಡು, ಡೋಸ್ ಕಡಿಮೆ ಮಾಡಿಸಿಕೊಂಡು ಹೊಸ ಚೀಟಿ ತರುತ್ತಾರೆ. ರೋಜಾ ಹಿಡಿಯುವುದು ಬೇಡ ಎಂದು ಡಾಕ್ಟರು ಹೇಳಿದವರೂ ಇದ್ದಾರೆ. ತಲೆತಲಾಂತರದಿಂದ ಉಪವಾಸ ಮಾಡಿ ಗೊತ್ತಿರುವವರೇ ಇಷ್ಟು ಜಾಗ್ರತೆ ಮಾಡುತ್ತಾರೆ. ಮೊಬೈಲ್ ನೋಡಿ ನಾಳೆಯಿಂದಲೇ ಶುರು ಮಾಡುವವರು ಯಾಕೆ ಮಾಡಬಾರದು?

ಹಾಗಂತ ನಾನು ಉಪವಾಸದ ವಿರೋಧಿ ಅಲ್ಲ. ನಮ್ಮವ್ವ ಬದುಕಿರುವ ತನಕ ಸೋಮವಾರ ಒಪ್ಪತ್ತು ಇರುತ್ತಿದ್ದಳು. ಶ್ರಾವಣ ಬಂದರೆ ಇಡೀ ಮನೆ ಒಪ್ಪತ್ತು. ಒಪ್ಪತ್ತು ಎನ್ನುವ ಮಾತು ನಮ್ಮಲ್ಲಿ ಎಷ್ಟು ಹಳೆಯದು ನೋಡಿ, ಇವತ್ತು ಆ್ಯಪ್ ಹಾಕಿಕೊಂಡು ಮಾಡುವ ಕೆಲಸಕ್ಕೆ ಅದಾಗಲೇ ಹೆಸರಿತ್ತು. ಆದರೆ ಅವ್ವ ಒಪ್ಪತ್ತು ಇದ್ದದ್ದು ವಾರಕ್ಕೆ ಒಂದು ದಿನ. ಉಳಿದ ಆರು ದಿನ ಹೊಲಕ್ಕೆ ಹೋಗಿ ದುಡಿದು ಹೊಟ್ಟೆ ತುಂಬಾ ಉಣ್ಣುತ್ತಿದ್ದಳು. ಶುಗರ್ ಮಾತ್ರೆ ಅವಳಿಗೆ ಇರಲಿಲ್ಲ. ತೂಕ ಇಳಿಸುವುದಂತೂ ಅವಳ ತಲೆಯಲ್ಲೇ ಇರಲಿಲ್ಲ.

ತೂಕ ಇಳಿಯುತ್ತದೆಯಾ ಎಂದು ಕೇಳಿದರೆ, ಇಳಿಯುತ್ತದೆ. ಆದರೆ ಗಡಿಯಾರದಿಂದಲ್ಲ. ಮಗಳು ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅಣ್ಣನಿಗೆ ಹಾಗಾದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಎರಡು ಅಧ್ಯಯನ ತೋರಿಸಿದಳು. ಒಂದು 2020ರದ್ದು, ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದದ್ದು. ಮಧ್ಯಾಹ್ನ 12ರಿಂದ ರಾತ್ರಿ 8ರ ತನಕ ಮಾತ್ರ ಉಂಡವರಿಗೂ ದಿನಕ್ಕೆ ಮೂರು ಹೊತ್ತು ಉಂಡವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು 2022ರದ್ದು, ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಜನರ ಮೇಲೆ ಒಂದು ವರ್ಷ ನಡೆದದ್ದು. ಅಲ್ಲಿ ಎರಡೂ ಗುಂಪಿಗೆ ಊಟದ ಪ್ರಮಾಣ ಒಂದೇ ರೀತಿ ಕಡಿಮೆ ಮಾಡಿದ್ದರು. ಒಂದು ಗುಂಪು ಬೆಳಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕಿತ್ತು, ಇನ್ನೊಂದಕ್ಕೆ ಹೊತ್ತಿನ ಕಟ್ಟಿರಲಿಲ್ಲ. ವರ್ಷದ ಕೊನೆಗೆ ಮೊದಲನೆಯವರು ಸರಾಸರಿ 8 ಕೆಜಿ, ಎರಡನೆಯವರು 6.3 ಕೆಜಿ ಇಳಿದಿದ್ದರು. ಆ ಅಂತರ ಖಾತ್ರಿ ವ್ಯತ್ಯಾಸ ಅನ್ನುವಷ್ಟು ದೊಡ್ಡದಲ್ಲ ಎಂದು ಅಧ್ಯಯನ ಮಾಡಿದವರೇ ಹೇಳಿದ್ದಾರೆ. ಅಂದರೆ ಇಳಿಸಿದ್ದು ಕಡಿಮೆ ಉಂಡದ್ದು. ಹೊತ್ತು ಕಟ್ಟಿಕೊಂಡರೆ ಕಡಿಮೆ ಉಣ್ಣುವುದು ಕೆಲವರಿಗೆ ಸುಲಭವಾಗುತ್ತದೆ, ಅಷ್ಟೇ.

ನೊಬೆಲ್ ಬಂದಿದೆ, ಉಪವಾಸ ಮಾಡಿದರೆ ಕೆಟ್ಟ ಜೀವಕೋಶ ಎಲ್ಲ ಸುಟ್ಟುಹೋಗುತ್ತವೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನೂ ಕೇಳಿದೆ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಹೇಗೆ ಕರಗಿಸಿಕೊಳ್ಳುತ್ತದೆ ಎಂಬುದನ್ನು ಅವರು ಯೀಸ್ಟಿನಲ್ಲಿ ಕಂಡುಹಿಡಿದರು. ದೊಡ್ಡ ಕೆಲಸ ಅದು. ಆದರೆ ಬೆಳಗಿನ ತಿಂಡಿ ಬಿಡಿ ಎಂದು ಹೇಳಿದ್ದಕ್ಕೆ ಕೊಟ್ಟ ಬಹುಮಾನ ಅಲ್ಲ.

ಹಾಗಾದರೆ ನಮ್ಮ ತಟ್ಟೆ ನೋಡಬೇಕಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ ಇವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ಊರುಗಳು. ಕಾಲುವೆ ಬರುವ ಮುಂಚೆ ಇಲ್ಲಿ ಜೋಳ, ಸಜ್ಜೆ, ನವಣೆ ಬೆಳೆಯುತ್ತಿದ್ದರು, ಅದನ್ನೇ ಉಣ್ಣುತ್ತಿದ್ದರು. ಅನ್ನ ಹಬ್ಬಕ್ಕೆ ಇಲ್ಲವೇ ಜ್ವರ ಬಂದಾಗ. ಕಾಲುವೆ ಬಂತು, ಭತ್ತ ಬಂತು, ಕೈಯಲ್ಲಿ ದುಡ್ಡು ಬಂತು. ಅದಕ್ಕೆ ನಾವೆಲ್ಲ ಋಣಿಗಳು, ನಮ್ಮ ಮನೆ ನಡೆದದ್ದೇ ಭತ್ತದಿಂದ. ಆದರೆ ತಟ್ಟೆಯಲ್ಲಿ ಎರಡು ರೊಟ್ಟಿ ಇದ್ದ ಜಾಗದಲ್ಲಿ ಸೋನಾ ಮಸೂರಿಯ ಗುಡ್ಡ ಕೂತಿತು. ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲೊರಿ ಮಾತ್ರ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ. ಅದಕ್ಕೇ ಜೋಳ ತಿಂದ ಮಾತ್ರಕ್ಕೆ ಸಣ್ಣಗಾಗುತ್ತೀರಿ ಅಂತ ನಾನು ಹೇಳುವುದಿಲ್ಲ, ಐದು ರೊಟ್ಟಿ ತಿಂದರೆ ಅದೂ ಜಾಸ್ತಿಯೇ. ಆದರೆ ರೊಟ್ಟಿಯನ್ನು ಅಗಿಯಬೇಕು. ಜೊತೆಗೆ ಪುಂಡಿ ಪಲ್ಯವೋ, ಮಡಕಿ ಕಾಳೋ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪೋ ಇರಲೇಬೇಕು. ಎರಡಕ್ಕೇ ಹೊಟ್ಟೆ ತುಂಬಿತು ಅನಿಸುತ್ತದೆ. ಅನ್ನ ಸಾರು ಹಾಗಲ್ಲ, ಮಾತಾಡುತ್ತ ಮಾತಾಡುತ್ತ ಮೂರು ಸಲ ಹಾಕಿಸಿಕೊಂಡರೂ ಗೊತ್ತಾಗುವುದಿಲ್ಲ.

16 ತಾಸು ಉಪವಾಸ ಇದ್ದು ಮಧ್ಯಾಹ್ನ ಒಂದೇ ಸಲ ಆ ಅನ್ನದ ಗುಡ್ಡಕ್ಕೆ ಕೈ ಹಾಕಿದರೆ ಏನು ಬಂತು? ನನ್ನ ಗಿರಾಕಿ ಒಬ್ಬರು ಹಾಗೇ ಮಾಡುತ್ತಿದ್ದರು. ಬೆಳಗ್ಗೆ ಏನೂ ಇಲ್ಲ, ಬರೀ ಚಹಾ. ಬರೀ ಚಹಾ ಅಂದರೆ ಹಾಲು ಸಕ್ಕರೆ ಹಾಕಿದ್ದೇ, ನಾಲ್ಕು ಸಲ. ಅದು ಉಪವಾಸವೇ ಅಲ್ಲ. ಒಂದು ಸಣ್ಣ ಗ್ಲಾಸಿಗೆ ಎರಡು ಚಮಚ ಅಂದರೂ ಎಂಟು, ಹತ್ತು ಗ್ರಾಂ ಸಕ್ಕರೆ. ದಿನಕ್ಕೆ ಆರು ಗ್ಲಾಸ್ ಕುಡಿದರೆ 50 ಗ್ರಾಂ ಆಯಿತು. ದಿನದ ಸಕ್ಕರೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಎಷ್ಟೋ ಜನ ಅದರ ಎರಡರಷ್ಟನ್ನು ಬರೀ ಚಹಾದಲ್ಲೇ ಕುಡಿದು ಮುಗಿಸುತ್ತಾರೆ.

ಇನ್ನು ಒಗ್ಗರಣೆ ಮಿರ್ಚಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಬೆಳಗಾಗುವುದಿಲ್ಲ, ಸಂಜೆಯೂ ಆಗುವುದಿಲ್ಲ. ಬಿಡಿ ಅಂತ ನಾನು ಹೇಳಲಾರೆ, ನಾನೂ ಬಿಟ್ಟಿಲ್ಲ. ಆದರೆ ಒಗ್ಗರಣೆಯ ಮಂಡಾಳು (ಮಂಡಕ್ಕಿ) ಬೇರೆ, ಮಿರ್ಚಿ ಬೇರೆ. ಮಂಡಾಳಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ಪುಟಾಣಿ ಪುಡಿ, ನಿಂಬೆ ಹಾಕಿ ಕಡಿಮೆ ಎಣ್ಣೆಯಲ್ಲಿ ಮಾಡಿದರೆ ಅದು ಹಗುರವಾದ ತಿಂಡಿ. ಮಿರ್ಚಿ ಕಡಲೆ ಹಿಟ್ಟಿನಲ್ಲಿ ಮುಳುಗಿ, ಎಣ್ಣೆ ಕುಡಿದು ಬರುತ್ತದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ದಿನಾ ನಾಲ್ಕು ತಿನ್ನುವವರು ವಾರಕ್ಕೆ ಎರಡು ದಿನ, ಎರಡೇ ತಿಂದು ನೋಡಲಿ. ಎರಡು ಮಿರ್ಚಿಯಲ್ಲಿ ರುಚಿ ಸಿಕ್ಕೇ ಸಿಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡದು ರಾತ್ರಿ ಊಟ. ಇದನ್ನು ನನ್ನ ಮೈಮೇಲೇ ನೋಡಿದ್ದೇನೆ. ನಮ್ಮ ಅಂಗಡಿ ಬಾಗಿಲು ಹಾಕುವುದು ರಾತ್ರಿ 10ಕ್ಕೆ. ಮನೆಗೆ ಹೋಗಿ, ಕೈಕಾಲು ತೊಳೆದು, ಟಿವಿ ಮುಂದೆ ಕೂತು ಹೊಟ್ಟೆ ಬಿರಿಯುವಂತೆ ಉಂಡು 11ಕ್ಕೆ ಮಲಗುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. 84 ಕೆಜಿ ಆಗಿದ್ದೆ. ಸೊಂಟ 102 ಸೆಂಟಿಮೀಟರ್ ಇತ್ತು, ನಮ್ಮ ದೇಶದ ಗಂಡಸರಿಗೆ 90ರೊಳಗೆ ಇರಬೇಕು, ಹೆಂಗಸರಿಗೆ 80ರೊಳಗೆ. ದಿನಾ ರಾತ್ರಿ ಎದೆಯುರಿ, ಅಂಗಡಿಯಿಂದಲೇ ಗ್ಯಾಸಿನ ಮಾತ್ರೆ ತಂದು ನುಂಗುತ್ತಿದ್ದೆ. ಅಣ್ಣನ ಘಟನೆ ಆದ ಮೇಲೆ ನಾನು ಮಾಡಿದ ಬದಲಾವಣೆ ಇಷ್ಟೇ. ಸಂಜೆ ಏಳೂವರೆಗೆ ಮನೆಯಿಂದ ಡಬ್ಬಿ ಬರುತ್ತದೆ. ಎರಡು ರೊಟ್ಟಿ, ಕಾಳು ಪಲ್ಯ, ಸೊಪ್ಪು, ಮೊಸರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು 8ರೊಳಗೆ ಉಂಡು ಮುಗಿಸುತ್ತೇನೆ. ಮನೆಗೆ ಹೋದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಬೆಳಗ್ಗೆ 8ಕ್ಕೆ ತಿಂಡಿ. ಲೆಕ್ಕ ಹಾಕಿದರೆ 12 ತಾಸು ಉಪವಾಸ ತಾನಾಗಿಯೇ ಆಯಿತು. ಅದಕ್ಕೆ ಆ್ಯಪ್ ಬೇಕಾಗಲಿಲ್ಲ, ದುಡ್ಡು ಕೊಟ್ಟು ಯಾವ ಗುಂಪಿಗೂ ಸೇರಲಿಲ್ಲ. ಬೆಳಗ್ಗೆ 40 ನಿಮಿಷ ನಡೆಯುತ್ತೇನೆ. 14 ತಿಂಗಳಲ್ಲಿ 76 ಕೆಜಿಗೆ ಬಂದೆ. ಮೊದಲ ಎರಡು ತಿಂಗಳು ಒಂದು ಕೆಜಿಯೂ ಇಳಿಯಲಿಲ್ಲ, ಬೇಸರ ಬಂದಿತ್ತು, ಆದರೆ ಎದೆಯುರಿ ಹದಿನೈದು ದಿನದಲ್ಲೇ ನಿಂತಿತು, ಅದೇ ಧೈರ್ಯದಲ್ಲಿ ಮುಂದುವರಿಸಿದೆ. ತಿಂಗಳಿಗೆ ಹತ್ತು ಕೆಜಿ ಎನ್ನುವವರನ್ನು ನಂಬಬೇಡಿ. ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಇದೆ. ಐವತ್ತು ದಾಟಿದವರಿಗೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದಕ್ಕೇ ಕಾಳು, ಮೊಸರು, ಶೇಂಗಾ, ತಿನ್ನುವವರಾದರೆ ಮೊಟ್ಟೆ, ಇವು ತಟ್ಟೆಯಲ್ಲಿ ಇರಲೇಬೇಕು. ಶೇಂಗಾ ಹಿಂಡಿ ಒಂದು ಚಮಚ ಸಾಕು, ಅದರಲ್ಲಿ ಎಣ್ಣೆಯಂಶವೂ ಜಾಸ್ತಿ.

ಹೆಣ್ಣುಮಕ್ಕಳ ವಿಷಯ ಬರೆಯದಿದ್ದರೆ ಈ ಪತ್ರ ಬರೆದೂ ಉಪಯೋಗವಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾರೆ. ಬೆಳಗ್ಗೆ ಎಲ್ಲರಿಗೂ ಡಬ್ಬಿ ಕಟ್ಟಿ ತಾವು ಚಹಾ ಕುಡಿದು 12ರ ತನಕ ಹಾಗೇ ಇರುತ್ತಾರೆ. ಸೋಮವಾರ, ಶುಕ್ರವಾರ, ಸಂಕಷ್ಟಿ ಅಂತ ವಾರದಲ್ಲಿ ಎರಡು ಮೂರು ದಿನ ಒಪ್ಪತ್ತು ಬೇರೆ. ಉಪವಾಸದ ದಿನ ಸಾಬೂದಾಣಿ, ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಇಲ್ಲ. 2019ರಿಂದ 21ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಇವರಿಗೆ ಇನ್ನೊಂದು ಊಟ ಬಿಡಿ ಅಂತ ಹೇಳುವುದು ಸರಿಯಾ? ಇವರಿಗೆ ಹೇಳಬೇಕಾದದ್ದು ಎಲ್ಲರ ಜೊತೆ ಕೂತು ಬೆಳಗ್ಗೆ ಉಣ್ಣಿ, ಊಟದ ಹಿಂದೆಮುಂದೆ ಒಂದು ತಾಸು ಚಹಾ ಕುಡಿಯಬೇಡಿ, ಚಹಾ ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ ಅಂತ. ಈಗ ಪಿಯುಸಿ ಓದುವ ಹುಡುಗಿಯರೂ ರೀಲ್ಸ್ ನೋಡಿ ಊಟ ಬಿಡುತ್ತಿದ್ದಾರೆ. ತಲೆ ಸುತ್ತು ಬರುತ್ತದೆ ಅಂತ ಗ್ಲುಕೋಸ್ ಪುಡಿ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತಾರೆ. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಈ ಉಪವಾಸ ಬೇಡವೇ ಬೇಡ.

ಸಂಪಾದಕರೇ, ನನ್ನ ಕೋರಿಕೆ ಇದು. ಇನ್ನು ಮುಂದೆ ಉಪವಾಸದ ಲೇಖನ ಹಾಕಿದಾಗ, ಕೊನೆಯ ಸಾಲಿನಲ್ಲಿ ವೈದ್ಯರ ಸಲಹೆ ಅಂತ ಬರೆದು ಬಿಡಬೇಡಿ. ಮೇಲ್ಗಡೆ, ದಪ್ಪ ಅಕ್ಷರದಲ್ಲಿ, ಒಂದು ಚೌಕ ಹಾಕಿ ಬರೆಯಿರಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ತೋರಿಸಿ ಮಾತ್ರೆ ಬದಲಿಸಿಕೊಳ್ಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು ಎಂದು ಬರೆಯಿರಿ. ಹಾಗೆಯೇ ಬೆವರು, ನಡುಕ, ತೊದಲು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು, 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಕುಡಿಸಬೇಕು, ಸರಿಹೋದರೂ ಆಸ್ಪತ್ರೆಗೆ ಒಯ್ಯಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂದೂ ಬರೆಯಿರಿ. ಮಾತ್ರೆಯ ಹೆಸರು ಕನ್ನಡದಲ್ಲಿ ಅಚ್ಚಾದರೆ ಜನ ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್ ತೆಗೆದು ಹೋಲಿಸಿ ನೋಡುತ್ತಾರೆ. ನನ್ನ ಅನುಭವದಲ್ಲಿ ಹೇಳುತ್ತಿದ್ದೇನೆ, ಖಂಡಿತ ನೋಡುತ್ತಾರೆ. ಶ್ರಾವಣಕ್ಕೆ ಮುಂಚೆ ಒಂದು ಸಲ, ರಂಜಾನಿಗೆ ಮುಂಚೆ ಒಂದು ಸಲ ಹಾಕಿದರೆ ಇನ್ನೂ ಒಳ್ಳೆಯದು.

ಅಣ್ಣನಿಗೆ ಡಾಕ್ಟರು ಮಾತ್ರೆ ಬದಲಿಸಿದರು. ಈಗ ಅವನು ಬೆಳಗ್ಗೆ ಒಂದು ರೊಟ್ಟಿ, ಕಾಳು ಪಲ್ಯ ತಿಂದೇ ಗದ್ದೆಗೆ ಹೋಗುತ್ತಾನೆ. ಜೇಬಿನಲ್ಲಿ ಬೆಲ್ಲದ ಚೂರು ಇರುತ್ತದೆ. ಈ ಪತ್ರವನ್ನು ಕಳಿಸುವ ಮುಂಚೆ ಅವನಿಗೆ ಓದಿ ಹೇಳಿದೆ. "ನನ್ನ ಹೆಸರು ಹಾಕಬ್ಯಾಡ ತಮ್ಮಾ, ಆ ಮಾತ್ರಿ ಹೆಸರು ಮಾತ್ರ ಹಾಕು" ಅಂದ.

ಇಂತಿ,
ಔಷಧ ಅಂಗಡಿ ನಡೆಸುವ ಓದುಗ
ಸಿಂಧನೂರು, ರಾಯಚೂರು ಜಿಲ್ಲೆ